ಡ್ರಮ್ಮರ್ ಬೇಕಾಗಿದ್ದಾರೆ ಅಂತ ಪೋಸ್ಟ್ ಹಾಕಿ ಕಾಯ್ತಾ ಕೂತಿರೋರಿಗೆ

ಬ್ಯಾಂಡ್ ಕಟ್ಟೋ ಆಸೆ ಬಂದ ತಕ್ಷಣ ಎಲ್ರೂ ಮಾಡೋದು ಒಂದೇ ಕೆಲ್ಸ, "ಡ್ರಮ್ಮರ್, ಬೇಸಿಸ್ಟ್ ಬೇಕಾಗಿದ್ದಾರೆ" ಅಂತ ಪೋಸ್ಟ್ ಹಾಕೋದು (ಬೇಸಿಸ್ಟ್ ಅಂದ್ರೆ ಬೇಸ್ ಗಿಟಾರ್ ನುಡಿಸೋರು). ನಾನೂ ಹಾಕಿದ್ದೆ. ಏಳು ಜನ ಮೆಸೇಜ್ ಮಾಡಿದ್ರು, ಅದ್ರಲ್ಲಿ ಐದು ಜನ ಗಿಟಾರಿಸ್ಟ್‌ಗಳು (ನಾನೂ ಗಿಟಾರಿಸ್ಟೇ, ಬೈಯೋ ಹಾಗಿಲ್ಲ). ಒಬ್ಬ ಡ್ರಮ್ಮರ್ ಬಂದ, ಚೆನ್ನಾಗೇ ಬಾರಿಸ್ತಿದ್ದ, ಮೂರನೇ ಪ್ರಾಕ್ಟೀಸ್ ಹೊತ್ತಿಗೆ ಫೋನ್ ಸ್ವಿಚ್ ಆಫ್.

ಹಂಗಂತ ಜಾಹೀರಾತಿಂದ ಬ್ಯಾಂಡ್ ಆಗಲ್ಲ ಅಂತಲ್ಲ. 1976ರಲ್ಲಿ ಡಬ್ಲಿನ್‌ನಲ್ಲಿ ಲ್ಯಾರಿ ಮುಲೆನ್ ಅನ್ನೋ ಹುಡುಗ ಸ್ಕೂಲ್ ನೋಟಿಸ್ ಬೋರ್ಡಲ್ಲಿ ಚೀಟಿ ಹಾಕ್ದ, ನೋಡಿದ ಹುಡುಗ್ರೆಲ್ಲ ಅವನ ಮನೆ ಅಡುಗೆಮನೇಲಿ ಸೇರಿದ್ರು, ಅದೇ ಮುಂದೆ ಯೂ2 ಅನ್ನೋ ದೊಡ್ಡ ರಾಕ್ ಬ್ಯಾಂಡ್ ಆಯ್ತು. ಮೆಟಾಲಿಕಾ ಅನ್ನೋ ಮೆಟಲ್ ಬ್ಯಾಂಡೂ ಅಷ್ಟೇ, 1981ರಲ್ಲಿ ಲಾರ್ಸ್ ಉಲ್ರಿಚ್ ಲಾಸ್ ಏಂಜಲೀಸ್‌ನ ಪೇಪರೊಂದರಲ್ಲಿ ಕೊಟ್ಟ ಆ್ಯಡ್‌ನಿಂದ ಶುರುವಾಗಿದ್ದು. ಆದ್ರೆ ಅವನು ಅದ್ರಲ್ಲಿ ಐರನ್ ಮೇಡನ್, ಡೈಮಂಡ್ ಹೆಡ್ ಅಂತ ಬ್ಯಾಂಡ್ ಹೆಸರು ಹಿಡಿದು ಬರೆದಿದ್ದ. ನಾವು ಏನ್ ಬರೀತೀವಿ? "ಎಲ್ಲಾ ಟೈಪ್ ಮ್ಯೂಸಿಕ್ ಓಕೆ." ಎಲ್ಲಾ ಓಕೆ ಅಂದೋನಿಗೆ ಸಿಗೋನೂ ಎಲ್ಲಾ ಓಕೆ ಅನ್ನೋನೇ, ಮೊದಲ್ನೇ ದಿನ ಯಾವ ಹಾಡು ಅಂತಾನೇ ಎರಡು ಗಂಟೆ ಜಗಳ.

ನನ್ ಪ್ರಕಾರ ಮೊದಲು ಬೇರೆಯವರ ಶೋಗೆ ಹೋಗ್ಬೇಕು. ಅಮೆರಿಕದ ಸಿಯಾಟಲ್ ಊರಿನ ಕಥೆ ನೋಡಿ, ಗ್ರೀನ್ ರಿವರ್ ಅಂತ ಒಂದು ಬ್ಯಾಂಡ್ ಒಡೆದು ಒಂದ್ ಕಡೆ ಮಡ್‌ಹನಿ ಆಯ್ತು, ಇನ್ನೊಂದ್ ಕಡೆಯ ಇಬ್ರು ಮದರ್ ಲವ್ ಬೋನ್ ಅನ್ನೋ ಬ್ಯಾಂಡ್ ದಾಟಿ 1990ರಲ್ಲಿ ಪರ್ಲ್ ಜಾಮ್ ಕಟ್ಟಿದ್ರು. ಅಲ್ಲಿ ಯಾರಿಗೆ ಯಾರು ಗೊತ್ತಿರ್ಲಿಲ್ಲ ಹೇಳಿ, ಒಬ್ಬರ ಶೋಗೆ ಇನ್ನೊಬ್ರು ಹೋಗ್ತಿದ್ರು. ಮ್ಯೂಸಿಕ್ ಸೀನ್ (ಒಂದೂರಿನ ಬ್ಯಾಂಡ್‌ಗಳ ಬಳಗ) ಅಂತ ದೊಡ್ಡದಾಗಿ ಹೇಳ್ತೀವಲ್ಲ, ಹತ್ರ ಹೋಗಿ ನೋಡಿದ್ರೆ ಅದೇ ಮೂವತ್ತು ನಲವತ್ತು ಮುಖ ಅಷ್ಟೇ, ಇವತ್ತು ಸ್ಟೇಜ್ ಮೇಲೆ ಇರೋನು ನಾಳೆ ಜನರ ಮಧ್ಯೆ ನಿಂತಿರ್ತಾನೆ.

ನಾನು ಹೋದ ಒಂದು ಶೋಲಿ ಇದ್ದಿದ್ದೇ ಹದಿನಾಲ್ಕು ಜನ, ಅದ್ರಲ್ಲೂ ಅರ್ಧ ಆಮೇಲೆ ನುಡಿಸ್ಬೇಕಾದ ಬ್ಯಾಂಡ್‌ನೋರು. ಶೋ ಮುಗೀತು, ಎಲ್ರೂ ಸೆಲ್ಫಿಗೆ ನಿಂತ್ರು, ಒಬ್ಬಳು ಮಾತ್ರ ಸ್ಟೇಜ್ ಮೇಲೆ ಕುಕ್ಕರಗಾಲಲ್ಲಿ ಕೂತು ಕೇಬಲ್ ಸುತ್ತಾ ಇದ್ಲು, ಮೊಣಕೈಗೆ ಬಿಗಿಯಾಗಿ ಎಳೆದು ಸುತ್ತೋದಲ್ಲ, ಒಂದು ಸುತ್ತು ಹೀಗೆ ಒಂದು ಸುತ್ತು ತಿರುಗಿಸಿ, ಒಳಗಿನ ತಂತಿ ತಿರುಚ್ಕೊಳ್ಳದ ಹಾಗೆ. ಅವಳದ್ದಲ್ಲದ ಕೇಬಲ್ ಬೇರೆ! ಹೋಗಿ ಕೇಳ್ದೆ, ಏನ್ ನುಡಿಸ್ತೀರಾ ಅಂತ. "ಬೇಸ್. ಬ್ಯಾಂಡ್ ಇಲ್ಲ" ಅಂದ್ಲು.

ಈಗ ನಾಲ್ಕು ತಿಂಗಳಾಯ್ತು, ಒಂದು ಪ್ರಾಕ್ಟೀಸೂ ತಪ್ಸಿಲ್ಲ. ನನಗಿಂತ ಹತ್ತು ನಿಮಿಷ ಮುಂಚೇನೇ ಬಂದಿರ್ತಾಳೆ, ನಾನು ಹಾಡಿನ ವೇಗ ಜಾಸ್ತಿ ಮಾಡಿದ್ರೆ ಮುಖ ನೋಡ್ತಾಳೆ ಅಷ್ಟೇ. ಡ್ರಮ್ಮರ್ ಇನ್ನೂ ಸಿಕ್ಕಿಲ್ಲ, ಫೋನಲ್ಲಿ ಮೆಟ್ರೊನೋಮ್ (ಟಿಕ್ ಟಿಕ್ ಅಂತ ತಾಳ ಕೊಡೋ ಆ್ಯಪ್) ಆನ್ ಮಾಡ್ಕೊಂಡು ನುಡಿಸ್ತಿದೀವಿ. ಶನಿವಾರ ಇನ್ನೊಂದು ಶೋ ಇದೆ, ಇಬ್ರೂ ಹೋಗ್ತಿದೀವಿ.