ಅಂಟುವ ಡಬ್ಬಿ ಕೊಡಿ

ಡಬ್ಬಿಯ ತಳಕ್ಕೆ ಮ್ಯಾಗ್ನೆಟ್ ತಾಗಿಸಿದ್ದೇ ತಡ, ಅಂಗಡಿಯವರು ಹುಬ್ಬು ಗಂಟಿಕ್ಕಿದರು. "ಅಂಟಲ್ಲ ಸಾರ್, ಒಳ್ಳೆ ಸ್ಟೀಲು. ನಮ್ಮಪ್ಪನ ಕಾಲದ ಅಂಗಡಿ ಇದು." ನಿಜ, ಅಂಟಲಿಲ್ಲ. ಜಾರಿ ಕೌಂಟರ್ ಮೇಲೆ ಬಿತ್ತು.

"ಅಂಟೋದು ಇದ್ರೆ ಕೊಡಿ" ಅಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ದಾವಣಗೆರೆಯ ಮಂಡಿಪೇಟೆಯಲ್ಲಿ ಕೆಟ್ಟ ಸ್ಟೀಲು ಬೇಕು ಅಂತ ಕೇಳಿಕೊಂಡು ಬಂದ ಗಿರಾಕಿ ನಾನೇ ಮೊದಲಿರಬೇಕು. "ನಮ್ಮಲ್ಲಿ ಡೂಪ್ಲಿಕೇಟ್ ಇಡಲ್ಲ" ಎಂದು ಜೋರಾಗಿಯೇ ಹೇಳಿದರು. ಯಾವುದೋ ಇಲಾಖೆಯವನು ಪರೀಕ್ಷೆಗೆ ಬಂದಿದ್ದಾನೆ ಅಂದುಕೊಂಡರೋ ಏನೋ. ಒಳ್ಳೆ ಪಾತ್ರೆಗೆ ಬಳಸುವ 304 ದರ್ಜೆಯ ಸ್ಟೀಲಿನಲ್ಲಿ ನಿಕಲ್ ಶೇಕಡಾ 8ರಷ್ಟು ಇರುತ್ತದೆ, ಅದಕ್ಕೇ ಅಂಟುವುದಿಲ್ಲ ಅಂತ ನನಗೂ ಗೊತ್ತು. ಆದರೆ ನನಗೆ ಅಂಟಬೇಕಲ್ಲ!

ಪಕ್ಕದಲ್ಲಿ ಮೊಮ್ಮಗಳ ಮದುವೆಗೆ ಪಾತ್ರೆ ಆರಿಸುತ್ತಿದ್ದ ಅಜ್ಜಿ ಕೈ ಚಾಚಿದರು. "ಕೊಡಪ್ಪ ಇಲ್ಲಿ ಅದನ್ನ." ಒಂದೊಂದೇ ಪಾತ್ರೆಗೆ ತಾಗಿಸುತ್ತಾ ಹೋದರು. ಒಂದು ಕೊಳಗದ ಅಂಚಿನಲ್ಲಿ ಮ್ಯಾಗ್ನೆಟ್ ಸ್ವಲ್ಪ ಕಚ್ಚಿತು. ಬಗ್ಗಿಸಿ ಮಡಚಿದ ಕಡೆ ಒಳ್ಳೆ ಸ್ಟೀಲೂ ಅಷ್ಟಿಷ್ಟು ಎಳೆಯುತ್ತದೆ. ಆದರೆ ಅದನ್ನು ಹೇಳೋಕೆ ಅಜ್ಜಿ ಬಿಡಬೇಕಲ್ಲ. "ಬಿಲ್ ಹಾಕ್ಬೇಡ, ಎಲ್ಲಾ ಒಳಗೆ ಇಡು!" ಅಂಗಡಿಯವರು ಅಜ್ಜಿಗೆ ಸಮಾಧಾನ ಹೇಳುತ್ತಿರುವಾಗ, ಹಿಂದಿನ ಕಪಾಟಿನಲ್ಲಿ ಇಂಡಕ್ಷನ್ ಒಲೆಯ ಪಾತ್ರೆಗಳು ಸಾಲಾಗಿ ಕೂತಿದ್ದವು. ಅವು ಅಂಟಲೇಬೇಕು, ಇಲ್ಲದಿದ್ದರೆ ಒಲೆ ಹತ್ತುವುದಿಲ್ಲ. ಅಲ್ಲಿ ಅಂಟಿದರೆ ಸ್ಪೆಷಲ್, ಇಲ್ಲಿ ಅಂಟಿದರೆ ಡೂಪ್ಲಿಕೇಟ್! ಕೇಳೋಣ ಅಂದುಕೊಂಡೆ. ಮೊದಲು ಮ್ಯಾಗ್ನೆಟ್ ವಾಪಸ್ ಸಿಗಲಿ ಅಂತ ಸುಮ್ಮನಾದೆ.

ಡಬ್ಬಿ ಬೇಕಾಗಿದ್ದು ಸೈನ್ಯ ಸಾಗಿಸೋಕೆ. ಮೇಜಿನ ಮೇಲೆ ದಾಳ ಉರುಳಿಸಿ ಆಡುವ ಯುದ್ಧದಾಟದ ಗೊಂಬೆ ಸೈನ್ಯ. 28 ಮಿಲಿಮೀಟರ್ ಆಳುಗಳು, ಕೈಯಲ್ಲಿ ಕಡ್ಡಿಗಿಂತ ಸಣ್ಣ ಈಟಿ. ಸ್ಪಂಜಿನಲ್ಲಿ ತುರುಕಿದರೆ ಈಟಿ ಮುರಿಯುತ್ತದೆ, ಮೂಗಿನ ಬಣ್ಣ ಉಜ್ಜಿ ಹೋಗುತ್ತದೆ. "ಈ ವಯಸ್ಸಲ್ಲಿ ಗೊಂಬೆನಾ?" ಅನ್ನುವವರಿದ್ದಾರೆ. ದಿನವಿಡೀ ಕ್ರಿಕೆಟ್ ನೋಡುತ್ತಾ ಸೋಫಾ ಸವೆಸುವವರಿಗೆ ಮಾತ್ರ ವಯಸ್ಸು ಅಡ್ಡ ಬರಲ್ಲ ನೋಡಿ.

ಅದಕ್ಕೇ ಒಬ್ಬೊಬ್ಬನ ಕಾಲಡಿಗೂ 5 ಮಿಲಿಮೀಟರಿನ ನಿಯೋಡಿಮಿಯಮ್ ಬಿಲ್ಲೆ. 1980ರ ದಶಕದಲ್ಲಿ ಜಪಾನಿನವರೂ ಅಮೆರಿಕದವರೂ ಬೇರೆ ಬೇರೆಯಾಗಿ ಕಂಡುಹಿಡಿದ ಮ್ಯಾಗ್ನೆಟ್ ಇದು. ತೊಂದರೆ ಇರುವುದು ಅಂಟಿಸುವಾಗ. ಗೊಂಬೆ ನಿಲ್ಲುವ ಬೇಸ್ ಕೆಳಗೆ ಗಮ್ ಹಚ್ಚಿ ಬಿಲ್ಲೆ ಇಟ್ಟು ಕೈ ತೆಗೆದರೆ, ಅದು ಗಮ್ ಸಮೇತ ಟಕ್ ಅಂತ ಪಕ್ಕದ ಬಿಲ್ಲೆಗೆ ಹಾರುತ್ತದೆ. ಎರಡನ್ನೂ ಬಿಡಿಸೋಕೆ ಹೋದರೆ ಮೂರನೆಯದಾಗಿ ನನ್ನ ಹೆಬ್ಬೆರಳು ಸೇರಿಕೊಳ್ಳುತ್ತದೆ.

ಕೊನೆಗೆ ತಗಡಿನ ಟ್ರಂಕು ಮಾರುವವನ ಹತ್ತಿರ ಕೆಲಸ ಆಯಿತು. ಅವನು ಏನೂ ಕೇಳಲಿಲ್ಲ, ಪುಣ್ಯಾತ್ಮ. ಟ್ರಂಕನ್ನು ತೊಡೆ ಮೇಲೆ ಇಟ್ಟುಕೊಂಡು ಚಿತ್ರದುರ್ಗದ ಬಸ್ ಹತ್ತಿದೆ. ಹಂಪ್ ಬಂದಾಗಲೆಲ್ಲ ನಾನು ಎಗರಿದೆ, ಒಳಗಿನವರು ಕದಲಲಿಲ್ಲ.

ಕದಲುವವನು ದುರ್ಗದ ಗೆಳೆಯನೂ ಅಲ್ಲ. ಪ್ರತಿ ಸಲ ಮದಕರಿ ನಾಯಕನ ಕಡೆ ಅವನಿಗೇ ಬೇಕು. ಸೈನ್ಯಕ್ಕೆ ಬಣ್ಣ ಬಳಿದವನು ನಾನು, ಹೊತ್ತು ತಂದವನು ನಾನು, ಹೈದರಾಲಿ ಆಗುವವನೂ ನಾನೇ. 1779ರಲ್ಲಿ ಕೋಟೆ ಹೈದರನ ಕೈಸೇರಿತು ಅಂದರೆ, "ಅದು ಮೋಸ" ಅಂತ ದಾಳ ಉರುಳಿಸುತ್ತಾನೆ.