'ಚೆನ್ನಾಗಿದೆ ಕಣೇ' ಅಂದರೆ ಸಾಲದು

ಬರೆಯುವ ಹೆಂಗಸರ ಸ್ನೇಹದಲ್ಲಿ ನಮ್ಮವರನ್ನು ಮೀರಿಸುವವರಿಲ್ಲ ಅನ್ನೋದು ಲಂಡನ್ನಿಗೆ ಬಂದ ಮೇಲೆ ನನಗೆ ಇನ್ನೂ ಚೆನ್ನಾಗಿ ಗೊತ್ತಾಯಿತು. ಮಗುವಿಗೆ ಜ್ವರ ಅಂದರೆ ಕತೆ ಬರೆಯುವ ಗೆಳತಿ ಸಾರು ಮಾಡಿ ಕಳಿಸುತ್ತಾಳೆ. ಪುಸ್ತಕ ಬಿಡುಗಡೆ ಅಂದರೆ ಹತ್ತು ಜನ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಲ್ಲಿ ಕೂರುತ್ತಾರೆ. ಆದರೆ ಅದೇ ಗೆಳತಿಗೆ ಒಂದು ಕತೆ ಕಳಿಸಿ ನೋಡಿ. 'ಚೆನ್ನಾಗಿದೆ ಕಣೇ, ಕಣ್ಣಲ್ಲಿ ನೀರು ಬಂತು.' ಅಷ್ಟೇ. ಮೂರನೇ ಪುಟದಲ್ಲಿ ಅತ್ತೆ ಯಾಕೆ ಇದ್ದಕ್ಕಿದ್ದಂತೆ ಸತ್ತಳು ಅಂತ ಕೇಳುವುದಿಲ್ಲ.

ಇಲ್ಲಿ ನಾನು ಹೋಗುವ ಬರಹಗಾರ್ತಿಯರ ಗುಂಪಿನಲ್ಲಿ ಬರೆದವಳು ಬಾಯಿ ಮುಚ್ಚಿಕೊಂಡು ಕೂರಬೇಕು. ಎಲ್ಲಿ ಬೇಜಾರಾಯಿತು, ಎಲ್ಲಿ ನಂಬಿಕೆ ಬರಲಿಲ್ಲ ಅಂತ ಉಳಿದವರು ಒಂದೊಂದೇ ಪುಟ ಹಿಡಿದು ಹೇಳುತ್ತಾರೆ. ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ಇನ್ನೊಂದು ವಿಷಯ: 'ನನಗೆ ದೊಡ್ಡ ಪ್ರಕಾಶಕರೇ ಬೇಕು, ದೊಡ್ಡ ಬಹುಮಾನವೂ ಬೇಕು' ಅಂತ ಒಬ್ಬಳು ಹೇಳಿದಾಗ ಯಾರೂ ಮುಖ ಮುಖ ನೋಡಿಕೊಳ್ಳಲಿಲ್ಲ. ನಮ್ಮಲ್ಲಿ ನಾಲ್ಕು ಕಾದಂಬರಿ ಬರೆದವರೂ 'ಸುಮ್ನೆ, ಟೈಮ್ ಸಿಕ್ಕಾಗ ಗೀಚ್ತೀನಿ' ಅನ್ನುತ್ತಾರೆ, ಅಲ್ವಾ?

ಹಾಗಂತ ಇಲ್ಲಿನದೇ ಸರಿ ಅನ್ನಲಾರೆ. ಗುಂಪಿನ ಒಬ್ಬಳು ಹೆರಿಗೆಗೆ ಹೋದಳು. ಎಲ್ಲರೂ ಒಂದು ಕಾರ್ಡಿಗೆ ಸಹಿ ಹಾಕಿದರು. ಆಮೇಲೆ ಅವಳ ಸುದ್ದಿಯನ್ನೇ ಯಾರೂ ಎತ್ತಲಿಲ್ಲ.

ರಿಚ್ಮಂಡ್‌ನಲ್ಲಿ ಥೇಮ್ಸ್ ನದಿಯ ಪಕ್ಕ ಇಂಗ್ಲಿಷ್ ಕಾದಂಬರಿಕಾರ್ತಿ ವರ್ಜೀನಿಯಾ ವುಲ್ಫ್ ಬೆಂಚಿನ ಮೇಲೆ ಕೂತಿರುವ ಕಂಚಿನ ಪ್ರತಿಮೆ ಇದೆ, 2022ರಲ್ಲಿ ಇಟ್ಟಿದ್ದು. ಅದೇ ಊರಿನ ಮನೆಯಲ್ಲಿ ವುಲ್ಫ್ ದಂಪತಿ 1917ರಲ್ಲಿ ಒಂದು ಪುಟ್ಟ ಕೈಮುದ್ರಣ ಯಂತ್ರ ತಂದಿಟ್ಟುಕೊಂಡರು. ಬೇಗನೇ ಕೈಗೆತ್ತಿಕೊಂಡ ಕೆಲಸಗಳಲ್ಲಿ ಒಂದು, ನ್ಯೂಜಿಲೆಂಡಿನಿಂದ ಬಂದ ಕ್ಯಾಥರೀನ್ ಮ್ಯಾನ್ಸ್‌ಫೀಲ್ಡ್‌ಳ 'ಪ್ರಿಲ್ಯೂಡ್' ಅನ್ನುವ ನೀಳ್ಗತೆ. ವರ್ಜೀನಿಯಾ ತಾನೇ ಅಚ್ಚಿನ ಮೊಳೆ ಜೋಡಿಸಿದಳು. ಅಕ್ಷರಕ್ಕೊಂದು ಮೊಳೆ, ತಿಂಗಳುಗಟ್ಟಲೆ ಕೆಲಸ. ಪುಸ್ತಕ 1918ರಲ್ಲಿ ಹೊರಬಂತು, ಕೆಲವು ಪುಟಗಳ ನೆತ್ತಿಯ ಮೇಲೆ ಕತೆಯ ಹೆಸರೇ ತಪ್ಪಾಗಿ ಅಚ್ಚಾಗಿತ್ತು. ಆ ಕ್ಯಾಥರೀನಳ ಬರವಣಿಗೆ ಬಿಟ್ಟರೆ ಬೇರೆ ಯಾರ ಬರವಣಿಗೆಯ ಮೇಲೂ ತನಗೆ ಹೊಟ್ಟೆಕಿಚ್ಚು ಹುಟ್ಟಿಲ್ಲ ಅಂತ ವರ್ಜೀನಿಯಾ ಮುಂದೆ ಡೈರಿಯಲ್ಲಿ ಬರೆದುಕೊಂಡಿದ್ದಾಳೆ. ಹೊಟ್ಟೆಕಿಚ್ಚೂ ಇತ್ತು, ಮೊಳೆ ಜೋಡಿಸುವ ಕೆಲಸವೂ ನಡೆಯಿತು! 1919ರಲ್ಲಿ ಕ್ಯಾಥರೀನ್ ಇವಳ ಕಾದಂಬರಿಯ ವಿಮರ್ಶೆ ಬರೆದಳು, ಅದು ಹೊಗಳಿಕೆಯಾಗಿರಲಿಲ್ಲ. ವರ್ಜೀನಿಯಾಗೆ ನೋವಾಯಿತು. ಆದರೂ ಮುಂದಿನ ವರ್ಷ ಇಬ್ಬರೂ ಕೂತು ಬರವಣಿಗೆಯ ಬಗ್ಗೆ ಮಾತಾಡಿದರು. ನಮ್ಮಲ್ಲಾಗಿದ್ದರೆ ಮಗಳ ಮದುವೆಗೂ ಕರೆಯುತ್ತಿರಲಿಲ್ಲ ಬಿಡಿ. 1923ರ ಜನವರಿಯಲ್ಲಿ ಕ್ಯಾಥರೀನ್ ಕ್ಷಯದಿಂದ ತೀರಿಕೊಂಡಾಗ ವರ್ಜೀನಿಯಾಗೆ ಅನಿಸಿದ್ದು, ಇನ್ನು ಬರೆದು ಏನು ಪ್ರಯೋಜನ, ಕ್ಯಾಥರೀನ್ ಓದುವುದಿಲ್ಲವಲ್ಲ ಅಂತ. ನನ್ನ ಕತೆಯನ್ನು ಅಷ್ಟು ಗಟ್ಟಿಯಾಗಿ ಓದುವವರು ನನಗೆ ಯಾರಿದ್ದಾರೆ?

ಬರವಣಿಗೆಯನ್ನು ಇಷ್ಟು ಗಟ್ಟಿಯಾಗಿ ಹಿಡಿಯುವುದು ಇಂಗ್ಲಿಷರ ಸೊತ್ತೇನೂ ಅಲ್ಲ. ಬಾಲವಿಧವೆಯಾಗಿದ್ದ ನಂಜನಗೂಡಿನ ತಿರುಮಲಾಂಬ 1913ರ ಹೊತ್ತಿಗೇ 'ಸತಿಹಿತೈಷಿಣಿ' ಗ್ರಂಥಮಾಲೆ ಶುರು ಮಾಡಿದ್ದರು. ಕಲ್ಯಾಣಮ್ಮನವರು 1921ರಲ್ಲಿ ಆರಂಭಿಸಿದ 'ಸರಸ್ವತಿ' ಪತ್ರಿಕೆಯನ್ನು ನಲವತ್ತು ವರ್ಷ ಎಳೆದುಕೊಂಡು ಹೋದರು. ಟೈಮ್ ಸಿಕ್ಕಾಗ ಗೀಚುವವರು ಮಾಡುವ ಕೆಲಸವಾ ಇದು? ಮಹತ್ವಾಕಾಂಕ್ಷೆ ನಮ್ಮಲ್ಲಿ ಮೊದಲಿನಿಂದಲೂ ಇದೆ, ಬಾಯಿಬಿಟ್ಟು ಹೇಳಿಕೊಳ್ಳೋಕೆ ಮಾತ್ರ ಮುಜುಗರ.

2025ರ ಮೇ ತಿಂಗಳಲ್ಲಿ ಕತೆಗಾರ್ತಿ ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ ಅವರಿಗೆ ಇದೇ ಲಂಡನ್ನಿನಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂತು. ಐವತ್ತು ಸಾವಿರ ಪೌಂಡ್, ಬರೆದವರಿಗೂ ಅನುವಾದಿಸಿದವರಿಗೂ ಸಮಪಾಲು. ಪರಿಚಯದವರೊಬ್ಬರು 'ಅನುವಾದಕ್ಕೆ ಅರ್ಧನಾ?' ಅಂತ ಮೂಗೆಳೆದರು. ಹೌದು ಸ್ವಾಮಿ, ಅರ್ಧ. ಒಬ್ಬರು ಬರೆದ ಒಂದೊಂದು ವಾಕ್ಯವನ್ನೂ ಇನ್ನೊಬ್ಬರು ಹಿಡಿದು ಗುದ್ದಾಡಿದ ಮೇಲೆ ತಾನೇ ಅದು ಇಲ್ಲಿಯವರೆಗೆ ಬಂದಿದ್ದು.

ಹಾಸನದ ಗೆಳತಿಗೆ ಮೊನ್ನೆ ಫೋನಿನಲ್ಲಿ ಹೇಳಿದೆ: ನನ್ನ ಸಂಕಲನಕ್ಕೆ ಮುನ್ನುಡಿ ಬೇಡ ಮಾರಾಯ್ತಿ, ಕೆಂಪು ಪೆನ್ನು ತಗೋ.

'ನಿಂಗೆ ಬೇಜಾರಾದ್ರೆ?'

ಆಗುತ್ತೆ. ಎರಡು ದಿನ ಫೋನ್ ಮಾಡಲ್ಲ, ಮೂರನೇ ದಿನ ಮಾಡ್ತೀನಿ.