ರಾಗಿ ಹೊಲಕ್ಕೆ ವ್ಯಾಮ್ ಚೀಲ ಕೊಂಡು ಹಾಕಬೇಕೇ?

ಪರ: ಬೇರಿಗೆ ಜೊತೆಗಾರನನ್ನು ಕೊಡೋಣ

ತಿಂಗಳೊಪ್ಪತ್ತಿನ ರಾಗಿ ಬುಡವೊಂದನ್ನು ಹೆಂಟೆ ಸಮೇತ ಎತ್ತಿ, ಬಕೆಟ್ಟಿನ ನೀರಿನಲ್ಲಿ ಮೆಲ್ಲಗೆ ಅಲುಗಿಸಿ ತೊಳೆಯಿರಿ. ಸಣ್ಣ ಬೇರುಗಳನ್ನು ಕತ್ತರಿಸಿ ಕ್ಷಾರದ ದ್ರಾವಣದಲ್ಲಿ ಬೇಯಿಸಿದರೆ ಬಣ್ಣ ಬಿಟ್ಟು ಗಾಜಿನಂತಾಗುತ್ತವೆ. ಆಮೇಲೆ ಪೆನ್ನಿನ ಶಾಯಿ ಬೆರೆಸಿದ ವಿನಿಗರ್‌ನಲ್ಲಿ ಕಾಯಿಸಿ ಸೂಕ್ಷ್ಮದರ್ಶಕದ ಕೆಳಗಿಡಿ. ಬೇರಿನ ಹಲವು ಜೀವಕೋಶಗಳ ಒಳಗೆ ಶಾಯಿ ಕುಡಿದ ಪುಟ್ಟ ಪುಟ್ಟ ಮರಗಳು ಕಾಣುತ್ತವೆ. ಒಂದು ಕಾಂಡ, ಅದು ಎರಡಾಗಿ, ಎರಡು ನಾಲ್ಕಾಗಿ, ಕೊನೆಗೆ ಕವಲುಗಳ ಎಣಿಕೆಯೇ ಸಿಗದಷ್ಟು ದಟ್ಟ. ಬೇರಿನೊಳಗೆ ನೆಲೆಸುವ ಒಂದು ಶಿಲೀಂಧ್ರ ಕಟ್ಟುವ ಈ ಮರಕ್ಕೆ ಅರ್ಬಸ್ಕ್ಯೂಲ್ ಎಂದು ಹೆಸರು. ಒಂದೊಂದೂ ಕೆಲವೇ ದಿನ ಬದುಕಿ ಕರಗುತ್ತದೆ, ಪಕ್ಕದ ಕೋಶದಲ್ಲಿ ಇನ್ನೊಂದು ಹುಟ್ಟುತ್ತದೆ. ರಾಗಿಯೂ ಶಿಲೀಂಧ್ರವೂ ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ನಡೆಯುವುದು ಅಲ್ಲಿಯೇ.

ಬೇರು ಮತ್ತು ಶಿಲೀಂಧ್ರದ ಈ ನಂಟು ರೈತರ ಬಾಯಲ್ಲಿ ವ್ಯಾಮ್, ಪುಸ್ತಕದಲ್ಲಿ ಮೈಕೊರೈಜಾ; ಆ ಶಿಲೀಂಧ್ರ ಬೆರೆತ ಪುಡಿಯೇ ಅಂಗಡಿಯ ವ್ಯಾಮ್ ಚೀಲದಲ್ಲಿರುವುದು. ಮೈಕೊರೈಜಾ ಎಂಬ ಹೆಸರನ್ನು 1885ರಲ್ಲಿ ಕೊಟ್ಟವರು ಜರ್ಮನಿಯ ಸಸ್ಯವಿಜ್ಞಾನಿ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್. ನಂಟು ಮಾತ್ರ ಬಹಳ ಹಳೆಯದು: ಸ್ಕಾಟ್ಲೆಂಡಿನ ರೈನಿಯಲ್ಲಿ ಸಿಕ್ಕ ಸುಮಾರು 40 ಕೋಟಿ ವರ್ಷ ಹಿಂದಿನ ಸಸ್ಯಗಳ ಪಳೆಯುಳಿಕೆಯಲ್ಲೂ ಇದೇ ಪುಟ್ಟ ಮರಗಳಿವೆ.

ನಮ್ಮ ಕೆಮ್ಮಣ್ಣಿನಲ್ಲಿ ಇದಕ್ಕೆ ದೊಡ್ಡ ಬೆಲೆಯಿದೆ. ಕೋಲಾರ, ತುಮಕೂರು, ರಾಮನಗರದ ಹೊಲಗಳಲ್ಲಿ ರಂಜಕ ಇಲ್ಲವೆಂದಲ್ಲ, ಕಬ್ಬಿಣ ಮತ್ತು ಅಲ್ಯುಮಿನಿಯಂಗೆ ಅಂಟಿಕೊಂಡು ಕೂತಿದೆ. ಸಾರಜನಕದಂತೆ ಅದು ನೀರಿನೊಂದಿಗೆ ಹರಿದು ಬರುವುದಿಲ್ಲ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರ್ ಮಣ್ಣಿನ ರಂಜಕವನ್ನು ಹೀರಿದ ಮೇಲೆ ಅಲ್ಲಿ ಬರವೇ. ಬೇರಿನ ರೋಮಕ್ಕಿಂತಲೂ ತೆಳ್ಳಗಿನ ಶಿಲೀಂಧ್ರದ ಎಳೆಗಳು ಈ ಬರದ ವಲಯವನ್ನು ದಾಟಿ, ಬೇರು ನುಗ್ಗಲಾರದ ಸಂದಿಗಳಿಗೂ ಹೋಗಿ ರಂಜಕ, ಸತು, ತಾಮ್ರವನ್ನು ತರುತ್ತವೆ. ಗಿಡ ಇದಕ್ಕೆ ಸಕ್ಕರೆ ಮತ್ತು ಕೊಬ್ಬಿನ ರೂಪದಲ್ಲಿ ಕೂಲಿ ಕೊಡುತ್ತದೆ. ತಾನು ಗಳಿಸಿದ ಇಂಗಾಲದಲ್ಲಿ ಶೇ 4ರಿಂದ 20ರವರೆಗೆ ಹೀಗೆ ಹೋಗುತ್ತದೆಂಬ ಅಂದಾಜಿದೆ. ಅಷ್ಟು ಕೂಲಿ ಕೊಟ್ಟು ಗಿಡ ಇಟ್ಟುಕೊಂಡಿರುವ ಆಳನ್ನು ನಾವು ಕಡೆಗಣಿಸುವುದು ಸರಿಯಲ್ಲ.

ಯಾವ ಬೆಳೆಗೆ ಯಾವ ಶಿಲೀಂಧ್ರ ಹೆಚ್ಚು ಒಗ್ಗುತ್ತದೆ ಎಂದು ಆರಿಸುವ ಕೆಲಸವನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಭಾಗ್ಯರಾಜ್ ಮತ್ತು ಅವರ ವಿದ್ಯಾರ್ಥಿಗಳು ದಶಕಗಳ ಕಾಲ ಮಾಡಿದ್ದಾರೆ. ಅದೇ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲೂ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲೂ ಭಾರತ ಮತ್ತು ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಸೇರಿ ರಾಗಿ ಮತ್ತು ತೊಗರಿಯನ್ನು ಜೊತೆಯಾಗಿ ಬೆಳೆದು, ಈ ಶಿಲೀಂಧ್ರವನ್ನೂ ಬೇರಿನ ಬ್ಯಾಕ್ಟೀರಿಯಾಗಳನ್ನೂ ಕೊಟ್ಟು ನೋಡಿದರು. ಗೊಬ್ಬರ ಇಳಿಸಿಯೂ ಇಳುವರಿ ಏರಿತು. ಇನ್ನೊಂದು ಪ್ರಯೋಗ ನನಗೆ ಅದಕ್ಕಿಂತ ಅಚ್ಚರಿಯದು. ತೊಗರಿಯ ತಾಯಿಬೇರು ಆಳದ ತೇವವನ್ನು ಮೇಲೆತ್ತುತ್ತದೆ. ಎರಡೂ ಗಿಡಗಳ ಬೇರನ್ನು ಶಿಲೀಂಧ್ರದ ಜಾಲ ಬೆಸೆದಿದ್ದಾಗ ಒಣಮಣ್ಣಿನಲ್ಲಿದ್ದ ರಾಗಿ ಚೆನ್ನಾಗಿ ಬೆಳೆಯಿತು. ರಾಗಿಯ ನಡುವೆ ತೊಗರಿ, ಅವರೆಯ ಅಕ್ಕಡಿ ಸಾಲು ಹಾಕುತ್ತಿದ್ದ ನಮ್ಮ ಹಿರಿಯರ ಕೈಗೆ ತಿಳಿದಿದ್ದ ಸಂಗತಿಗೆ ಇದು ಒಂದು ಕಾರಣ ಕೊಡುತ್ತದೆ.

ಎಲ್ಲ ಹೊಲದಲ್ಲೂ ಫಲ ಕೊಡುತ್ತದೆಂದು ನಾನು ಹೇಳುವುದಿಲ್ಲ. ಸ್ವಿಟ್ಜರ್ಲೆಂಡಿನ 54 ಮುಸುಕಿನ ಜೋಳದ ಹೊಲಗಳಿಗೆ ಹಾಕಿ ನೋಡಿದಾಗ ಕಾಲುಭಾಗದಲ್ಲಿ ಬೆಳವಣಿಗೆ ಸ್ಪಷ್ಟವಾಗಿ ಹೆಚ್ಚಿತು, ಅತ್ಯುತ್ತಮ ಹೊಲದಲ್ಲಿ ಶೇ 40ರಷ್ಟು. ಮಣ್ಣಿನಲ್ಲಿ ರೋಗಕಾರಕ ಶಿಲೀಂಧ್ರಗಳು ಹೆಚ್ಚಿದ್ದ ಕಡೆಯೇ ಲಾಭ ಹೆಚ್ಚಾಗಿತ್ತು ಎಂಬುದು ಗಮನಿಸಬೇಕಾದ ಮಾತು.

ಮತ್ತು ನರ್ಸರಿ. ಪ್ರೋ ಟ್ರೇಯಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಟೊಮೆಟೊ, ಮೆಣಸಿನಕಾಯಿ ಸಸಿ ಎಬ್ಬಿಸುವಾಗ ಅಲ್ಲಿ ಹೊಲದ ಮಣ್ಣಿನ ಒಂದು ಕಣವೂ ಇರುವುದಿಲ್ಲ. ಮೊದಲ ಮೂರು ನಾಲ್ಕು ವಾರ ಬೇರು ಒಂಟಿ. ಅಲ್ಲಿಯೇ ಒಂದು ಚಿಟಿಕೆ ಕೊಟ್ಟರೆ ಸಸಿ ಜೊತೆಗಾರನನ್ನು ಕಟ್ಟಿಕೊಂಡೇ ಹೊಲಕ್ಕೆ ಬರುತ್ತದೆ. ರಂಜಕದ ಗೊಬ್ಬರವಾದ ಡಿಎಪಿಗೂ ಅದರ ಕಚ್ಚಾ ಸಾಮಗ್ರಿಗೂ ಹೊರದೇಶಗಳನ್ನು ನೆಚ್ಚಿಕೊಂಡಿರುವ ನಾವು, ಚೀಲದ ಬೆಲೆಗೆ ಹಿಂಜರಿದು ಇದನ್ನು ಬಿಟ್ಟುಕೊಡಬಾರದು.

ವಿರೋಧ: ಹೊಲದಲ್ಲಿರುವುದನ್ನು ಕೊಂದು ಅಂಗಡಿಯಿಂದ ತರುವುದೇ?

ಶಿಲೀಂಧ್ರದ ಬಗ್ಗೆ ಮೇಲೆ ಹೇಳಿದ್ದರಲ್ಲಿ ನನ್ನ ತಕರಾರಿಲ್ಲ. ತಕರಾರು ಚೀಲದ ಮೇಲೆ.

ಇದು ಮೊಸರಿನಂತೆ ಹೆಪ್ಪು ಹಾಕಿ ಬೆಳೆಸುವ ಜೀವಿಯಲ್ಲ. ರೈಜೋಬಿಯಂ ಬ್ಯಾಕ್ಟೀರಿಯಾವನ್ನು ಡ್ರಮ್ಮಿನಲ್ಲಿ ಬೆಳೆಸಬಹುದು, ಇದಕ್ಕೆ ಮಾತ್ರ ಜೀವಂತ ಬೇರೇ ಬೇಕು. ಹಾಗಾಗಿ ತಯಾರಿಸುವುದು ನಿಧಾನ, ದುಬಾರಿ, ಕೆಡುವುದು ಸುಲಭ. ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಛಾವಣಿಯ ಕೆಳಗೆ ಕೂತ ಚೀಲದೊಳಗೆ ಜೀವ ಉಳಿದಿದೆಯೇ ಎಂದು ತಿಳಿಯಲು ರೈತನಿಗೆ ದಾರಿಯೇ ಇಲ್ಲ. ಬೇವಿನ ಹಿಂಡಿಯಾದರೆ ಮೂಸಿ ನೋಡಬಹುದು, ಯೂರಿಯಾವನ್ನು ನೀರಿಗೆ ಹಾಕಿ ನೋಡಬಹುದು. ಕಂದು ಪುಡಿಯಲ್ಲಿ ಏನು ನೋಡುವುದು? ಮೈಕೊರೈಜಾ ಗೊಬ್ಬರ 1985ರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬರುತ್ತದೆ ನಿಜ, ಕಾಗದದ ಮೇಲಿನ ಮಾನದಂಡ ಬೇರಿನೊಳಗೆ ಇಳಿಯಬೇಕಲ್ಲ. ಆಸ್ಟ್ರೇಲಿಯಾ, ಯುರೋಪ್, ಉತ್ತರ ಅಮೆರಿಕದ ಮಾರುಕಟ್ಟೆಯ ಉತ್ಪನ್ನಗಳನ್ನು ತಂದು ಪರೀಕ್ಷಿಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಹೆಚ್ಚಿನವು ಬೇರನ್ನು ಹೊಕ್ಕಲೇ ಇಲ್ಲ. ಬಿಗಿ ನಿಯಮಗಳ ದೇಶಗಳಲ್ಲೇ ಈ ಗತಿ.

ಸ್ವಿಸ್ ಲೆಕ್ಕವನ್ನೂ ಪೂರ್ತಿ ಓದಬೇಕು. ಕಾಲುಭಾಗದಲ್ಲಿ ಲಾಭವೆಂದರೆ ಮುಕ್ಕಾಲು ಭಾಗದಲ್ಲಿ ಸ್ಪಷ್ಟ ಲಾಭವಿಲ್ಲ ಎಂದಾಯಿತು. ಕೆಲವು ಕಡೆ ಬೆಳವಣಿಗೆ ಇಳಿಯಿತು, ಕೆಟ್ಟ ಹೊಲದಲ್ಲಿ ಶೇ 12ರಷ್ಟು. ಎರಡೆಕರೆ ಮಳೆಯಾಶ್ರಿತ ರಾಗಿಯವನು ನಾಲ್ಕರಲ್ಲಿ ಒಂದು ಗೆಲುವಿಗೆ ದುಡ್ಡು ಕಟ್ಟಲಾರ.

2018ರಲ್ಲಿ ವಿಜ್ಞಾನಿಗಳಾದ ಮೇಗನ್ ರಯಾನ್ ಮತ್ತು ಜೇಮ್ಸ್ ಗ್ರಹಾಂ ಇನ್ನೂ ಮುಂದೆ ಹೋಗಿ, ಬೆಳೆ ನಿರ್ವಹಿಸುವಾಗ ರೈತರು ಈ ಶಿಲೀಂಧ್ರವನ್ನು ಲೆಕ್ಕಕ್ಕೆ ಹಿಡಿಯಬೇಕೆನ್ನಲು ಸಾಕ್ಷ್ಯ ತೀರಾ ಕಡಿಮೆ ಎಂದರು. ಅಷ್ಟು ದೂರ ನಾನು ಹೋಗಲಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಡಾರ್ಲಿಂಗ್ ಡೌನ್ಸ್‌ನಲ್ಲಿ ಹೊಲವನ್ನು ಬಹುಕಾಲ ಬೀಳು ಬಿಟ್ಟರೆ ಮುಂದಿನ ಬೆಳೆ ಕುಂಟುತ್ತದೆ. ಬೇರಿಲ್ಲದೆ ಶಿಲೀಂಧ್ರ ಕ್ಷೀಣಿಸಿ, ಗಿಡಕ್ಕೆ ರಂಜಕವೂ ಸತುವೂ ಸಾಲದಾಗುತ್ತವೆ ಎಂದು 1980ರ ದಶಕದಲ್ಲೇ ತೋರಿಸಿದ್ದಾರೆ. ಹೊಲದಲ್ಲಿ ಈಗಾಗಲೇ ಇರುವ ಶಿಲೀಂಧ್ರವೇ ದುಡಿಯುತ್ತಿದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

ನಾವು ಅದನ್ನು ಹೇಗೆ ನಡೆಸಿಕೊಳ್ಳುತ್ತಿದ್ದೇವೆ? ರೋಟವೇಟರ್ ಮೂರು ಸಲ ತಿರುಗಿಸಿ ಎಳೆಗಳ ಜಾಲವನ್ನು ನುಚ್ಚು ಮಾಡುತ್ತೇವೆ. ಬೆಂಕಿ ರೋಗ ಬಾರದಿರಲೆಂದು ಬಿತ್ತನೆ ರಾಗಿಗೆ ಕಾರ್ಬೆಂಡಜಿಂ ಎಂಬ ಶಿಲೀಂಧ್ರನಾಶಕ ಸವರುತ್ತೇವೆ. ಆ ಗುಂಪಿನ ಔಷಧವನ್ನೇ ವಿಜ್ಞಾನಿಗಳು ಪ್ರಯೋಗದಲ್ಲಿ ಮೈಕೊರೈಜಾ ಹತ್ತಿಕ್ಕಲು ಬಳಸುತ್ತಾರೆ. ಮೇಲೆ ಡಿಎಪಿ ಧಾರಾಳವಾಗಿ ಸುರಿಯುತ್ತೇವೆ. ರಂಜಕ ಪುಕ್ಕಟೆ ಸಿಕ್ಕಾಗ ಗಿಡ ಕೂಲಿ ನಿಲ್ಲಿಸಿ ಶಿಲೀಂಧ್ರವನ್ನು ದೂರ ಇಡುತ್ತದೆ. ಇಷ್ಟೆಲ್ಲ ಮಾಡಿ, ಅದೇ ಸಾಲಿಗೆ ವ್ಯಾಮ್ ಚೀಲ! ಎಲೆಕೋಸು, ಹೂಕೋಸು, ಮೂಲಂಗಿ, ಬೀಟ್ರೂಟ್, ದಂಟಿನ ಸೊಪ್ಪು ಈ ಶಿಲೀಂಧ್ರದ ನಂಟನ್ನೇ ಬೆಳೆಸುವುದಿಲ್ಲ. ಆದರೂ ಕೋಸಿನ ಮಡಿಗೆ ವ್ಯಾಮ್ ಹಾಕಿದ ರೈತರನ್ನು ಕಂಡಿದ್ದೇನೆ, ಮಾರಿದವರು ಅವರಿಗೆ ಈ ಮಾತು ಹೇಳಿರಲಿಲ್ಲ. ಆ ಸಂಕಟ ನನ್ನಲ್ಲಿ ಇನ್ನೂ ಇದೆ.

ಅಕ್ಕಡಿಯ ಮಾತನ್ನು ಪರವಾದಿಗಳು ಎತ್ತಿದ್ದು ಒಳ್ಳೆಯದಾಯಿತು, ಅದು ನನ್ನ ವಾದ. ರಾಗಿ ಕೊಯ್ಲಾದ ಮೇಲೂ ಸಾಲಿನ ತೊಗರಿ, ಅವರೆ ಹೊಲದಲ್ಲಿ ನಿಂತಿರುತ್ತವೆ. ರಾಗಿಯ ಕೂಳೆ ಒಣಗಿದರೂ ಶಿಲೀಂಧ್ರಕ್ಕೆ ಊಟ ಹಾಕುವ ಹಸಿಬೇರು ಎರಡು ತಿಂಗಳು ಹೆಚ್ಚು ಉಳಿಯುತ್ತದೆ. ಬರೀ ರಾಗಿ ಬಿತ್ತಿದ ಹೊಲ ನವೆಂಬರಿನಿಂದ ಮುಂಗಾರಿನ ತನಕ ಬೋಳು. ಅಕ್ಕಡಿಯನ್ನು ಬಿಟ್ಟವರಿಗೆ ಚೀಲ ಮಾರುವುದಕ್ಕಿಂತ ಅಕ್ಕಡಿಯ ಬೀಜ ಕೊಡುವುದು ಮೇಲು.

ಪ್ರೋ ಟ್ರೇಯ ವಿಚಾರವನ್ನು ಒಪ್ಪುತ್ತೇನೆ. ಅಲ್ಲಿ ಮಣ್ಣಿಲ್ಲ, ಆದ್ದರಿಂದ ಕೊಡಲೇಬೇಕು. ಅದಕ್ಕೂ ಅಂಗಡಿಗೇ ಹೋಗಬೇಕಿಲ್ಲ. ಬದುವಿನ ಹುಲ್ಲಿನ ಬುಡದ ಮಣ್ಣನ್ನು ಬೇರಿನ ಸಮೇತ ತಂದು, ಕಾಯಿಸಿ ಆರಿಸಿದ ಮಣ್ಣು ಮರಳಿನ ತೊಟ್ಟಿಯಲ್ಲಿ ಬೀಜದ ಕೆಳಗೆ ಹಾಕಿ, ಜೋಳವನ್ನೋ ರಾಗಿಯನ್ನೋ ಎರಡು ಮೂರು ತಿಂಗಳು ಬೆಳೆಸಿ. ಆಮೇಲೆ ನೀರು ನಿಲ್ಲಿಸಿ, ಪೈರು ಕೊಯ್ದು, ಬೇರನ್ನು ಸಣ್ಣಗೆ ಕೊಚ್ಚಿ ಆ ಮಣ್ಣಿನಲ್ಲೇ ಬೆರೆಸಿದರೆ ಅದೇ ವ್ಯಾಮ್. ರೋಗ ಬಿದ್ದ ಹೊಲದ ಮಣ್ಣನ್ನು ಮಾತ್ರ ತರಬೇಡಿ.

ಆದರೂ ಚೀಲ ಕೊಂಡಿದ್ದಾಗಿದ್ದರೆ ಇಡೀ ಹೊಲಕ್ಕೆ ಎರಚಬೇಡಿ. ಡಿಎಪಿ ತಗ್ಗಿಸಿ ನಾಲ್ಕು ಸಾಲಿಗೆ ಹಾಕಿ, ಮುಂದಿನ ನಾಲ್ಕು ಸಾಲಿಗೆ ಬಿಡಿ, ಹೀಗೆ ಮೂರು ಕಡೆ. ಗೂಟ ನೆಟ್ಟು ಗುರುತಿಡಿ. ತೆನೆ ಕೊಯ್ದಾಗ ಹಾಕಿದ್ದನ್ನೂ ಬಿಟ್ಟಿದ್ದನ್ನೂ ಬೇರೆ ಬೇರೆ ಮೂಟೆ ಕಟ್ಟಿ ತಕ್ಕಡಿಗೆ ಇಡಿ.